ಆಧಿಗೆ ಮೊದಲ ಮದ್ದು

ಶರೀರಕ್ಕೆ ಬರುವ ಬೇನೆಯು ವ್ಯಾಧಿ. ಮನಸ್ಸಿಗೆ ಬರುವ ವ್ಯಥೆಯು ಆಧಿ. ಹೀಗೆಂದು ಪ್ರಾಚೀನರು ಇವೆರಡನ್ನೂ ಬೇರೆಬೇರೆಯಾಗಿ ಹೆಸರಿಸಿರುವರು. ವ್ಯಾಧಿ ಬಂದವನ ಹಾಸಿಗೆಯ ಬಳಿ ಮನೆಮಂದಿಯೆಲ್ಲರೂ ನೆರೆಯುವರು. ಆಧಿ ಬಂದವನನ್ನಾದರೋ ಸೋಮಾರಿಯೆಂದೂ ಹಟಮಾರಿಯೆಂದೂ ಗದರಿಸುವರು. ಕಾಲೇಜಿನಲ್ಲಿ ಓದುವ ಮಕ್ಕಳುಳ್ಳ ಗೃಹಸ್ಥರು ಈ ಭೇದವನ್ನು ಮೊದಲು ಬಿಡತಕ್ಕದ್ದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಎಂದರೆ ದಿನವೊಂದಕ್ಕೆ 35ಕ್ಕೂ ಮಿಕ್ಕಿದ ಜೀವಗಳು. ಇದಕ್ಕೆ ಪರೀಕ್ಷೆಯೊಂದೇ ಕಾರಣವೆನ್ನಲಾಗದು. ಕನ್ನಡದಲ್ಲಿ ಓದಿ ಬಂದವನಿಗೆ ಇಂಗ್ಲಿಷ್ ಪಾಠಗಳು ಅರ್ಥವಾಗದಿರುವುದು, ಪರಸ್ಥಳದ ಹಾಸ್ಟೆಲಿನ ಒಂಟಿತನ, ತಂದೆ ಮಾಡಿದ ಸಾಲದ ಚಿಂತೆ, ಸಹಪಾಠಿಗಳಿಂದಾದ ಅವಮಾನ, ಖಿನ್ನತೆಯೆಂಬ ರೋಗ—ಇವು ಹಲವು ಕೂಡಿ ಮನಸ್ಸನ್ನು ಕುಗ್ಗಿಸುವುವು.

ಆಧಿಗೂ ಲಕ್ಷಣಗಳುಂಟು. ನಿದ್ರಾಹಾರಗಳು ಕೆಡುವುದು, ಗೆಳೆಯರಿಂದ ದೂರವಾಗುವುದು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, 'ನನ್ನಿಂದ ಎಲ್ಲರಿಗೂ ಹೊರೆ' ಎಂಬ ಮಾತು—ಇಂಥವನ್ನು ಕಂಡ ತಂದೆತಾಯಿಗಳು, ಗುರುಗಳು, ಪ್ರಸಾದನಿಲಯದ ಮೇಲ್ವಿಚಾರಕರು ಸುಮ್ಮನಿರಲಾಗದು. ಏಕಾಂತದಲ್ಲಿ ಕೂಡಿಸಿಕೊಂಡು, 'ಸಾಯಬೇಕೆಂಬ ಯೋಚನೆಯೇನಾದರೂ ಬರುತ್ತಿದೆಯೇ, ಮಗೂ?' ಎಂದು ನೇರವಾಗಿ ಕೇಳಬೇಕು.

ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾಗದೇ ಎಂಬ ಶಂಕೆಯು ಇಲ್ಲಿ ಹುಟ್ಟಬಹುದು. ಆಗುವುದಿಲ್ಲವೆಂಬುದೇ ಮನೋವೈದ್ಯರ ಸಮಾಧಾನ. ಒಳಗೆ ಬೇಯುತ್ತಿರುವವನಿಗೆ ತನ್ನ ದುಃಖವನ್ನು ಇನ್ನೊಬ್ಬರು ಅರಿತರೆಂಬುದರಿಂದಲೇ ಭಾರವು ಇಳಿಯುವುದು. ಕೇಳಿದ ಮೇಲೆ ಉಪದೇಶಕ್ಕೆ ತೊಡಗದೆ, ನೆರೆಮನೆಯವರ ಮಕ್ಕಳ ಹೋಲಿಕೆಯನ್ನು ತೆಗೆಯದೆ, ಅವನ ಮಾತು ಮುಗಿಯುವವರೆಗೂ ಆಲಿಸಬೇಕು. 'ಹೌದು' ಎಂದನಾದರೆ ಅವನನ್ನು ಒಂಟಿಯಾಗಿ ಬಿಡಲಾಗದು. ಅಪಾಯಕರವಾದ ವಸ್ತುಗಳನ್ನು ಕೈಗೆಟುಕದಂತೆ ಇರಿಸಿ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇದಕ್ಕೆ ಸಹಾಯವು ದೂರವಿಲ್ಲ. 2022ನೆಯ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರದ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಶುಲ್ಕವಿಲ್ಲದೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಪೊಲೀಸರ ಭಯದಿಂದ ಸಂಗತಿಯನ್ನು ಮುಚ್ಚಿಡುವವರೂ ಉಂಟು. ಆದರೆ 2017ರ ಮಾನಸಿಕ ಆರೋಗ್ಯ ಶುಶ್ರೂಷಾ ಅಧಿನಿಯಮದ 115ನೆಯ ಕಲಮು, ಪ್ರಾಣತ್ಯಾಗಕ್ಕೆ ಯತ್ನಿಸಿದವನನ್ನು ತೀವ್ರವಾದ ಮಾನಸಿಕ ಒತ್ತಡಕ್ಕೆ ಸಿಕ್ಕಿದವನೆಂದೇ ಭಾವಿಸಿ, ಅವನಿಗೆ ಶುಶ್ರೂಷೆಯನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಇರಿಸಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳುಳ್ಳ ವಿದ್ಯಾಸಂಸ್ಥೆಗಳಲ್ಲಿ ಅರ್ಹರಾದ ಒಬ್ಬ ಆಪ್ತಸಲಹೆಗಾರರಾದರೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ನೆಯ ಜುಲೈ ತಿಂಗಳಲ್ಲಿ ನಿರ್ದೇಶಿಸಿದೆ. ಮಕ್ಕಳನ್ನು ಸೇರಿಸುವ ದಿನ ಶುಲ್ಕವನ್ನು ವಿಚಾರಿಸುವಂತೆ ಇದನ್ನೂ ವಿಚಾರಿಸುವುದು ಪೋಷಕರ ಕರ್ತವ್ಯ.

ವಿದ್ಯಾರ್ಥಿಗಳೂ ಅರಿಯಬೇಕಾದುದೊಂದುಂಟು. ನೊಂದಾಗ ನೆರವನ್ನು ಬೇಡುವುದು ಹೇಡಿತನವಲ್ಲ. ಬಾಳೇ ಬೇಡವೆನಿಸುವ ಗಳಿಗೆಯು ಎಷ್ಟೇ ಘೋರವಾಗಿದ್ದರೂ ಕಳೆದುಹೋಗುವಂಥದು. ಆ ಗಳಿಗೆಯಲ್ಲಿ ಒಬ್ಬರೊಡನೆಯಾದರೂ ಬಾಯಿಬಿಟ್ಟು ಹೇಳಬೇಕು. ದೂರದೂರಿನಲ್ಲಿ ಓದುವ ಮಗನೊಡನೆಯೋ ಮಗಳೊಡನೆಯೋ ದೂರವಾಣಿಯಲ್ಲಿ ಮಾತನಾಡುವ ಗೃಹಸ್ಥರು ಇಂದಿನಿಂದ ಅಂಕಗಳ ಮಾತನ್ನು ಹಿಂದಿಟ್ಟು, 'ಮನಸ್ಸು ಹೇಗಿದೆ?' ಎಂದು ಮೊದಲು ಕೇಳಲಿ. ಕೇಳಿ, ಉತ್ತರಕ್ಕಾಗಿ ಕಾಯಲಿ.