ವೇಗ ಎರಡು ಪಟ್ಟಾದರೆ ಎತ್ತರ ಎಷ್ಟು ಪಟ್ಟು?



ಪ್ರಥಮ ಪಿಯುಸಿ ತರಗತಿಯಲ್ಲಿ ನಾನೊಂದು ಪ್ರಶ್ನೆ ಕೇಳಿದೆ: "ಚೆಂಡನ್ನು ನೇರ ಮೇಲಕ್ಕೆ ಎರಡು ಪಟ್ಟು ವೇಗದಲ್ಲಿ ಎಸೆದರೆ ಎಷ್ಟು ಪಟ್ಟು ಎತ್ತರಕ್ಕೆ ಹೋಗುತ್ತದೆ?" ಹೆಚ್ಚಿನವರು "ಎರಡು ಪಟ್ಟು, ಸರ್" ಎಂದರು. ಸೂತ್ರ ಬಾಯಿಪಾಠವಿದ್ದವರೂ ಹಾಗೆಯೇ ಹೇಳಿದರು.

ಸೂತ್ರವನ್ನು ಬದಿಗಿಟ್ಟು ಯೋಚಿಸೋಣ. ಮೇಲೇರುವ ಚೆಂಡಿನ ವೇಗವನ್ನು ಗುರುತ್ವವು ಪ್ರತಿ ಸೆಕೆಂಡಿಗೆ 9.8 ಮೀ/ಸೆ. ನಷ್ಟು ತಗ್ಗಿಸುತ್ತದೆ. 9.8 ಮೀ/ಸೆ. ವೇಗದಲ್ಲಿ ಎಸೆದ ಚೆಂಡು 1 ಸೆಕೆಂಡಿನಲ್ಲಿ ನಿಲ್ಲುತ್ತದೆ. ಅದರ ಸರಾಸರಿ ವೇಗ 4.9 ಮೀ/ಸೆ.; ಆದ್ದರಿಂದ ಎತ್ತರ 4.9 ಮೀಟರ್. 19.6 ಮೀ/ಸೆ. ವೇಗದಲ್ಲಿ ಎಸೆದರೆ ಅದು 2 ಸೆಕೆಂಡು ಏರುತ್ತದೆ, ಸರಾಸರಿ ವೇಗವೂ 9.8 ಆಗುತ್ತದೆ. ಎತ್ತರ 19.6 ಮೀಟರ್. ಸಮಯವೂ ಎರಡು ಪಟ್ಟು, ಸರಾಸರಿ ವೇಗವೂ ಎರಡು ಪಟ್ಟು. ಹಾಗಾಗಿ ಎತ್ತರ ನಾಲ್ಕು ಪಟ್ಟು. ಗಾಳಿಯ ತಡೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಗರಿಷ್ಠ ಎತ್ತರವು ಆರಂಭಿಕ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎನ್ನುವುದರ ಅರ್ಥ ಇಷ್ಟೇ.

ಝುಹರ್ ನಮಾಝಿನ ಬಳಿಕ ಮೈದಾನದಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿದೆವು. ಮೊದಲ ಎಸೆತ ಕೈಗೆ ಮರಳಲು ಸುಮಾರು 2 ಸೆಕೆಂಡು ಹಿಡಿಯಿತು, ಬಲವಾದ ಎಸೆತಕ್ಕೆ ಸುಮಾರು 3. ಅರ್ಧ ಸಮಯ ಏರಲು, ಅರ್ಧ ಇಳಿಯಲು. ಅಂದರೆ ವೇಗ 9.8 ಮತ್ತು 14.7 ಮೀ/ಸೆ., ಎತ್ತರ 4.9 ಮತ್ತು 11 ಮೀಟರ್. ವೇಗ ಒಂದೂವರೆ ಪಟ್ಟಾದರೆ ಎತ್ತರ ಎರಡೂಕಾಲು ಪಟ್ಟು!

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಗಂಟೆಗೆ 40 ಕಿ.ಮೀ. ವೇಗದ ಬೈಕ್ ಗೋಡೆಗೆ ಗುದ್ದುವ ವೇಗವೂ, ಸುಮಾರು 6.3 ಮೀಟರ್ ಎತ್ತರದಿಂದ ಬಿದ್ದವನು ನೆಲಕ್ಕೆ ಅಪ್ಪಳಿಸುವ ವೇಗವೂ ಒಂದೇ. ಅದು ಹೆಚ್ಚುಕಡಿಮೆ ಎರಡು ಮಹಡಿಯ ಎತ್ತರ. 80 ಕಿ.ಮೀ. ಆದರೆ? ನಾಲ್ಕು ಮಹಡಿಯಲ್ಲ, ಎಂಟು ಮಹಡಿ. ಸುಮಾರು 25 ಮೀಟರ್. ಬ್ರೇಕ್ ಹಾಕಿದ ಮೇಲೆ ಬೈಕ್ ಜಾರುವ ದೂರವೂ ಹೀಗೆಯೇ ನಾಲ್ಕು ಪಟ್ಟಾಗುತ್ತದೆ.

ಸಂಜೆ ಗೇಟಿನ ಹೊರಗೆ ಹೆಲ್ಮೆಟ್ ಇಲ್ಲದೆ, ಅಣ್ಣನ ಬೈಕಿನಲ್ಲಿ ಮೂವರು ಕೂತು ಹೋಗುವುದನ್ನು ಕಂಡಾಗಲೆಲ್ಲ ನನಗೆ ಈ ವರ್ಗದ ಲೆಕ್ಕ ನೆನಪಾಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಮರೆತರೆ ಒಂದೆರಡು ಅಂಕ ಹೋದೀತು. ಪೂರಕ ಪರೀಕ್ಷೆಯಾದರೂ ಇದೆ. ರಸ್ತೆಯಲ್ಲಿ ಅದೂ ಇಲ್ಲ.

ಕೊನೆಗೊಂದು ಪ್ರಶ್ನೆ: ಚಂದ್ರನ ಮೇಲಿನ ಗುರುತ್ವ ಭೂಮಿಯದರ ಸುಮಾರು ಆರನೇ ಒಂದು ಭಾಗ. ಅಲ್ಲಿ ಮೂರು ಪಟ್ಟು ವೇಗದಲ್ಲಿ ಎಸೆದ ಚೆಂಡು ಇಲ್ಲಿಗಿಂತ ಎಷ್ಟು ಪಟ್ಟು ಎತ್ತರಕ್ಕೆ ಹೋಗುತ್ತದೆ? ಉತ್ತರವನ್ನು ಕಾರಣದೊಂದಿಗೆ ಬರೆದು ಸ್ಟಾಫ್ ರೂಮಿಗೆ ತನ್ನಿ.