ಅಂದಂದಿನ ಅಕ್ಕಿ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಅರಿಯದ ಭಕ್ತರು ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದ ದಾಸೋಹವನ್ನು ನಡೆಸುವುದು ಆ ಸತಿಪತಿಗಳ ನೇಮ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬುದು ಪ್ರಸಿದ್ಧ ಸಂಗತಿ. ಇದನ್ನು ಲೋಭನಿಗ್ರಹದ ದೃಷ್ಟಾಂತವೆಂದು ವಿವರಿಸುವುದುಂಟು, ಅದು ಯುಕ್ತವೇ. ಆದರೆ ಇದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಇಂದಿನ ದಿನಕ್ಕೆ ಇಂದಿನ ಅಳತೆ ಸಾಕು. ನಾಳಿನ ಹೊರೆಯನ್ನು ಇಂದೇ ಹೊರತಕ್ಕದ್ದಲ್ಲ. ಈ ಅರ್ಥವು ಮದ್ಯಪಾನವನ್ನು ಬಿಡಲು ಹೆಣಗುತ್ತಿರುವ ತಂದೆಯಿರುವ ಮನೆಗೆ ಅತ್ಯಂತ ಅವಶ್ಯವಾದುದು.

ಮದ್ಯಾಸಕ್ತಿಯನ್ನು ಕೇವಲ ಶೀಲಭ್ರಷ್ಟತೆಯೆಂದು ಎಣಿಸುವುದು ಲೋಕರೂಢಿ. ವೈದ್ಯಶಾಸ್ತ್ರವು ಅದನ್ನು ರೋಗವೆಂದೂ ಪರಿಗಣಿಸುತ್ತದೆ. ಮದ್ಯವು ಮಿದುಳಿನ ವ್ಯಾಪಾರವನ್ನು ಮಂದಗೊಳಿಸುವ ದ್ರವ್ಯ. ವರ್ಷಗಟ್ಟಲೆ ಅದು ದೇಹವನ್ನು ಸೇರುತ್ತಿದ್ದರೆ, ಮಿದುಳು ಅದಕ್ಕೆ ಪ್ರತಿಯಾಗಿ ತನ್ನನ್ನು ತಾನೇ ಉದ್ರೇಕಗೊಳಿಸಿಕೊಂಡು ಸಮತೂಕವನ್ನು ಕಾಯ್ದುಕೊಳ್ಳುತ್ತದೆ. ಮದ್ಯವನ್ನು ಒಮ್ಮೆಲೇ ನಿಲ್ಲಿಸಿದಾಗ ಆ ಉದ್ರೇಕವೊಂದೇ ಉಳಿಯುತ್ತದೆ. ಕೆಲವು ಗಂಟೆಗಳಲ್ಲಿಯೇ ಕೈನಡುಕ, ಬೆವರು, ನಿದ್ರಾನಾಶ. ಒಂದೆರಡು ದಿನಗಳಲ್ಲಿ ಸೆಳವು. 2ರಿಂದ 4ನೆಯ ದಿನದ ವೇಳೆಗೆ ಕೆಲವರಿಗೆ ಭ್ರಮೆ, ಸನ್ನಿ. ಇದರಿಂದ ಪ್ರಾಣಾಪಾಯವೂ ಉಂಟು. ಆದ್ದರಿಂದ ಬಹುಕಾಲ ಕುಡಿದವನಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕುವುದು ಭಕ್ತಿಯೂ ಅಲ್ಲ, ಚಿಕಿತ್ಸೆಯೂ ಅಲ್ಲ. ಬಿಡಿಸುವ ಕಾರ್ಯವು ವೈದ್ಯರ ಕಣ್ಣೆದುರಿನಲ್ಲಿಯೇ ನಡೆಯತಕ್ಕದ್ದು.

ಶರಣರ ದೃಷ್ಟಿ ಈ ವಿಷಯದಲ್ಲಿ ಉದಾರವಾದುದು. ಹೆಂಡ ಮಾರುವ ವೃತ್ತಿಯ ಮಾರಯ್ಯನಿಗೂ ಅವರ ಸಮೂಹದಲ್ಲಿ ಸ್ಥಾನವಿತ್ತು. ನಮ್ಮ ಕಾಲದಲ್ಲಿ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಲಾರಂಭಿಸಿ, ದವಸಧಾನ್ಯಗಳನ್ನು ಬೇಡದೆ ಜನರ ದುಶ್ಚಟಗಳನ್ನು ಬೇಡಿದರು. ಅವರು ಬೇಡಿದುದು ಚಟವನ್ನು. ಚಟವುಳ್ಳ ಮನುಷ್ಯನನ್ನು ಹೊರಗೆ ಹಾಕೆಂದು ಅವರು ಯಾವ ಮನೆಗೂ ಹೇಳಲಿಲ್ಲ. ರೋಗವನ್ನೂ ರೋಗಿಯನ್ನೂ ಬೇರ್ಪಡಿಸಿ ನೋಡುವ ಈ ವಿವೇಕವೇ ಮಕ್ಕಳ ಸೇವೆಗೆ ಅಡಿಪಾಯ.

ಒಂದು ಮನೆಯನ್ನು ಭಾವಿಸೋಣ. ತಂದೆ ಇಪ್ಪತ್ತು ವರ್ಷ ಕುಡಿದು, ಆಸ್ಪತ್ರೆ ಸೇರಿ, ಬಿಟ್ಟು ಬಂದಿದ್ದಾನೆ. ಮಗನಾದರೋ ಅವನನ್ನು ಪ್ರತಿ ಸಂಜೆ ಬಾಗಿಲಲ್ಲಿ ತಡೆದು ಬಾಯಿಯ ವಾಸನೆ ನೋಡುತ್ತಾನೆ, ಪೆಟ್ಟಿಗೆ ತಡಕುತ್ತಾನೆ, ಕಳೆದ ವರ್ಷಗಳ ಸಾಲ, ಅವಮಾನ, ತಾಯಿಯ ಕಣ್ಣೀರು ಇವೆಲ್ಲವನ್ನೂ ಊಟದ ಎಲೆಯ ಮುಂದೆ ಬಡಿಸುತ್ತಾನೆ. "ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಹೇಳು" ಎಂದು ಪೀಡಿಸುತ್ತಾನೆ. ಇಡೀ ಜನ್ಮದ ಅಕ್ಕಿಯನ್ನು ಒಂದೇ ದಿನ ಹೊತ್ತು ತಾರೆಂದಂತಾಯಿತು ಇದು. ತಂದೆಯಿಂದ ಆಗತಕ್ಕದ್ದು ಇಂದಿನ ಒಂದು ದಿನ ಮುಟ್ಟದಿರುವುದು; ಮಗನಿಂದ ಆಗತಕ್ಕದ್ದು ಇಂದಿನ ಒಂದು ದಿನ ನಂಬಿ ಅನ್ನವಿಡುವುದು.

ಎಂಟು ತಿಂಗಳು ಹೀಗೆ ಕಳೆದ ಮೇಲೆ ತಂದೆ ರಕ್ತ ಕಾರಿಕೊಂಡನೆಂದು ಭಾವಿಸೋಣ. ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: "ಬಿಟ್ಟ ಮೇಲೆ ಏಕೆ ಬಂದಿತು?" ತಂದೆಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇನ್ನೂ ಘೋರವಾದುದು: "ಹಾಗಾದರೆ ಬಿಟ್ಟು ಫಲವೇನು?" ಇದಕ್ಕೆ ಉತ್ತರವನ್ನು ಮಕ್ಕಳು ಅರಿತಿರಬೇಕು. ಯಕೃತ್ತಿನಲ್ಲಿ ಗಾಯದ ಕಲೆ ಕಟ್ಟುತ್ತ ಅದು ಗಟ್ಟಿಯಾಗುವುದು ಅನೇಕ ವರ್ಷಗಳ ಮೌನಕ್ರಿಯೆ. ಗಟ್ಟಿಯಾದ ಯಕೃತ್ತಿನೊಳಗೆ ರಕ್ತ ಸರಾಗವಾಗಿ ಹರಿಯದೆ ಅನ್ನನಾಳದ ಸಿರೆಗಳು ಉಬ್ಬಿ ಒಡೆಯುತ್ತವೆ. ಇದು ಹಿಂದಿನ ಕುಡಿತದ ಫಲವೇ ಹೊರತು ಬಿಟ್ಟುದರ ಫಲವಲ್ಲ. ಇಂತಹ ಯಕೃತ್ತಿನವರಲ್ಲಿಯೂ ಮದ್ಯವನ್ನು ಪೂರ್ಣವಾಗಿ ಬಿಟ್ಟವರ ಆಯುಷ್ಯ ಹೆಚ್ಚುತ್ತದೆ; ಕೆಲವರಲ್ಲಿ ಕುಂದಿದ ಶಕ್ತಿಯೂ ಬಹುಮಟ್ಟಿಗೆ ಮರಳುತ್ತದೆ. ಆ ಎಂಟು ತಿಂಗಳ ಅಕ್ಕಿ ನೆಲಪಾಲಾಗಲಿಲ್ಲ.

ಇನ್ನು ಸೇವೆಯ ವಿವರ. ಹೊಟ್ಟೆಯಲ್ಲಿ ನೀರು ತುಂಬುವ ರೋಗಿಗೆ ಉಪ್ಪು ಮಿತವಾಗಿರಬೇಕು. ಉಪ್ಪಿನಕಾಯಿ, ಹಪ್ಪಳಗಳನ್ನು ದೂರವಿಡಬೇಕು. ಆದರೆ ಅನ್ನವನ್ನು ಕಡಿಮೆಮಾಡಬಾರದು. ಬೇಳೆ, ಮೊಸರು, ಹಾಲು ಸ್ವಲ್ಪ ಸ್ವಲ್ಪವಾಗಿ ಹಲವು ಸಲ, ಮಲಗುವ ಮುನ್ನವೂ ಒಂದು ಸಲ ಕೊಡುವುದು ಹಿತ. ಇಂಥವರಿಗೆ ದೀರ್ಘ ಉಪವಾಸ ಹಾನಿಕರ. ಶಿವರಾತ್ರಿಯಂದೂ ಅವರು ಉಣ್ಣತಕ್ಕದ್ದೇ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು. ಮಲ ಕಪ್ಪಾದರೆ, ರಕ್ತವಾಂತಿಯಾದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಒಂದು ಲಕ್ಷಣವನ್ನು ವಿಶೇಷವಾಗಿ ಅರಿಯತಕ್ಕದ್ದು. ಯಕೃತ್ತು ಸೋತಾಗ ದೇಹದ ವಿಷ ಮಿದುಳಿಗೇರುತ್ತದೆ. ಆಗ ರೋಗಿ ಹಗಲು ಮಲಗಿ ರಾತ್ರಿ ಎಚ್ಚರವಿರುತ್ತಾನೆ; ಮಾತು ತೊದಲುತ್ತದೆ, ನಡಿಗೆ ತಡವರಿಸುತ್ತದೆ, ಕಾರಣವಿಲ್ಲದೆ ಸಿಡುಕುತ್ತಾನೆ. ನೋಡುವವರಿಗೆ ಇದು ಕುಡಿತದಂತೆಯೇ ತೋರುತ್ತದೆ. ಮೇಲೆ ಹೇಳಿದ ಮಗನು ಒಂದು ರಾತ್ರಿ "ಮತ್ತೆ ಕುಡಿದೆಯಾ?" ಎಂದು ಗದರಿ ಬಾಗಿಲು ಹಾಕಿಕೊಂಡನೆನ್ನೋಣ. ಮಾವನು ಚಾಚಿದ ಕೈಗಳು ಹಕ್ಕಿಯ ರೆಕ್ಕೆಯಂತೆ ಬಡಿಯುತ್ತಿದ್ದುದನ್ನು ಕಂಡವಳು ಸೊಸೆ. ಅವಳು ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯದಿದ್ದರೆ, ಬೆಳಗಾಗುವಾಗ ಆ ಮನೆಯಲ್ಲಿ ಉಳಿಯುತ್ತಿದ್ದುದು ಮಗನ ಪಶ್ಚಾತ್ತಾಪ ಮಾತ್ರ. ಮಲಬದ್ಧತೆಯಿಂದಲೂ ಈ ಸ್ಥಿತಿ ಬರಬಹುದಾದ್ದರಿಂದ, ದಿನಕ್ಕೆ ಎರಡು ಮೂರು ಸಲ ಶೌಚವಾಗುವಂತೆ ವೈದ್ಯರು ಕೊಡುವ ಔಷಧವನ್ನು ತಪ್ಪಿಸಬಾರದು.

ಸೇವೆಗೂ ಒಂದು ಮೇರೆಯುಂಟು. ಕುಡಿಯಲು ಹಣ ಕೊಡುವುದು, ತಪ್ಪನ್ನು ಮುಚ್ಚಲು ಸುಳ್ಳಾಡುವುದು, ಪೆಟ್ಟು ತಿನ್ನುವುದು ದಾಸೋಹವಲ್ಲ. ತಂದೆ ಮತ್ತೆ ಜಾರಿದರೆ ಅದು ಮಗನ ಭಕ್ತಿಯ ಕೊರತೆಯೂ ಅಲ್ಲ. ಮರುದಿನ ಮತ್ತೆ ವೈದ್ಯರಲ್ಲಿಗೆ ಹೋಗಬೇಕು, ಅಷ್ಟೆ. ಕುಡಿಯುವವರ ಮನೆಯವರಿಗೂ ಆಸರೆ ಬೇಕೆಂದರಿತು ಅಮೆರಿಕೆಯಲ್ಲಿ 1951ರಲ್ಲಿಯೇ ಅಲ್-ಅನಾನ್ ಎಂಬ ಕೂಟ ಹುಟ್ಟಿತು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416 ಸಂಖ್ಯೆಗೆ ಮನೆಯವರೂ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಕೇಳುವುದರಲ್ಲಿ ಮಾನಹಾನಿಯಿಲ್ಲ.

ದಾಸೋಹಕ್ಕೂ ದಾನಕ್ಕೂ ಇರುವ ಭೇದವನ್ನು ಶರಣರು ಬಿಡಿಸಿ ತೋರಿದ್ದಾರೆ. ದಾನ ಮಾಡಿದವನಲ್ಲಿ "ನಾನು ಕೊಟ್ಟೆ" ಎಂಬ ಲೆಕ್ಕ ಉಳಿಯಬಹುದು. ದಾಸೋಹದಲ್ಲಿ ಆ ಲೆಕ್ಕಕ್ಕೆ ಎಡೆಯಿಲ್ಲ. ತಂದೆಯ ಹಳೆಯ ತಪ್ಪಿನ ಲೆಕ್ಕವನ್ನೂ ತನ್ನ ಸೇವೆಯ ಲೆಕ್ಕವನ್ನೂ ಮಗನು ಒಟ್ಟಿಗೇ ಕೆಳಗಿಳಿಸಬೇಕು. ಗುಣವಾಗುವುದೋ ಇಲ್ಲವೋ ಎಂಬುದು ಅವನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಈ ಹೊತ್ತಿನ ಔಷಧ, ಈ ಹೊತ್ತಿನ ಅನ್ನ, ಈ ಹೊತ್ತಿನ ಒಂದು ಮೃದುವಾದ ಮಾತು. ಅಂದಿನ ಅಕ್ಕಿಯನ್ನು ಅಂದು ಆಯ್ದು ತಂದರೆ ಅಂದಿನ ಕಾಯಕ ಪೂರೈಸಿತು.