ಅದು ನಾಟಕವಲ್ಲ, ನರಳಾಟ



“ಅಂವ ನಾಟಕ ಮಾಡ್ತಾನ್ರಿ ಫಾದರ್. ನಾಕ್ ದಿನ ಖೋಲ್ಯಾಗ ಕೂಡಿ ಹಾಕಿದ್ರ ನೆಟ್ಟಗಾಗ್ತಾನ.” ಬ್ರೌನ್ ಶುಗರ್ ಇಲ್ಲವೇ ಅಮಲಿನ ನೋವು ಮಾತ್ರೆಗೆ ಬಲಿಯಾದ ಮಗನ ಬಗ್ಗೆ ನಮ್ಮ ಅಳ್ನಾವರದ ಕಡೆಯ ತಂದೆಯೊಬ್ಬರು ಹೀಗೆ ಹೇಳಿದರೆ ಆಶ್ಚರ್ಯವಿಲ್ಲ. ಆದರೆ ಮೆದುಳಿನ ಚಿತ್ರ ತೆಗೆದು ನೋಡಿದವರು ಬೇರೆಯೇ ಮಾತು ಹೇಳುತ್ತಾರೆ.

ಅಫೀಮಿನ ಜಾತಿಯ ವಸ್ತುಗಳು ಮೆದುಳಿನ ಬುಡದಲ್ಲಿ ನಮ್ಮನ್ನು ಎಚ್ಚರವಾಗಿಡುವ ನರಕೋಶಗಳನ್ನು ಅದುಮುತ್ತವೆ. ಆ ಕೋಶಗಳು ಹೊಂದಿಕೊಂಡು ಹೆಚ್ಚು ಬಲ ಹಾಕುವುದನ್ನು ಕಲಿಯುತ್ತವೆ. ಬ್ರೇಕ್ ಒತ್ತಿಕೊಂಡೇ ಎಂಜಿನ್ ಜೋರು ಮಾಡಿದಂತೆ. ವಸ್ತು ನಿಂತೊಡನೆ ಬ್ರೇಕ್ ಬಿಟ್ಟಂತಾಗುತ್ತದೆ. ಬೆವರು, ನಡುಕ, ವಾಂತಿ, ಭೇದಿ, ನಿದ್ದೆಗೇಡು, ಮೈಕೈ ನೋವು ಬರುವುದು ಹೀಗೆ. ಹೆರಾಯಿನ್ ಬಿಟ್ಟವರಲ್ಲಿ ಇದು 2-3ನೇ ದಿನ ತೀವ್ರವಾಗಿ, ಸುಮಾರು ವಾರದಲ್ಲಿ ತಗ್ಗುತ್ತದೆ.

ಮೈ ಶಾಂತವಾದರೆ ಮೆದುಳೂ ಗುಣವಾಯಿತೇ? ಇಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ಪೆಟ್ ಸ್ಕ್ಯಾನ್ ಅಧ್ಯಯನದಲ್ಲಿ, ವ್ಯಸನಿಗಳ ಮೆದುಳಿನಲ್ಲಿ ಉತ್ಸಾಹಕ್ಕೆ ಬೇಕಾದ ಡೋಪಮೀನ್ ಎಂಬ ರಾಸಾಯನಿಕವನ್ನು ಸ್ವೀಕರಿಸುವ ತಾಣಗಳು ಇತರರಿಗಿಂತ ಕಡಿಮೆ ಕಂಡವು. 2011ರ ಇನ್ನೊಂದು ಚಿಕ್ಕ ಅಧ್ಯಯನದಲ್ಲಿ ಬೆನ್ನುನೋವಿನ 10 ರೋಗಿಗಳಿಗೆ ಒಂದು ತಿಂಗಳು ಮಾರ್ಫಿನ್ ಕೊಟ್ಟರು. ಎಂಆರ್‌ಐಯಲ್ಲಿ ಕಂಡ ಬದಲಾವಣೆಗಳು, ಔಷಧ ನಿಲ್ಲಿಸಿ ಸರಾಸರಿ 4.7 ತಿಂಗಳಾದ ಮೇಲೂ ಉಳಿದಿದ್ದವು.

ಹಾಗೆಂದು ಮಗನ ಸ್ಕ್ಯಾನ್ ಮಾಡಿಸಲು ಓಡಬೇಡಿ. ಈ ಚಿತ್ರಗಳು ಗುಂಪುಗಳ ಹೋಲಿಕೆಗೆ. ಒಬ್ಬನ ಚಿತ್ರ ನೋಡಿ ಅವನು ವ್ಯಸನಿಯೆಂದು ತೀರ್ಮಾನಿಸಲಾಗದು.

ಹಾಗಾದರೆ ಅವನಲ್ಲಿ ತಪ್ಪೇ ಇಲ್ಲವೇ? ಇದೆ. ಆದರೆ ರೂಢಿಯಾದ ಚಟವು ಮನುಷ್ಯನ ಸ್ವಾತಂತ್ರ್ಯವನ್ನೂ ಹೊಣೆಯನ್ನೂ ತಗ್ಗಿಸಬಲ್ಲದೆಂದು ಧರ್ಮಸಭೆಯೇ ಬೋಧಿಸುತ್ತದೆ. ಶಿಲುಬೆ ಮುಟ್ಟಿ ಆಣೆ ಮಾಡಿದವನು ಮರಳಿ ಬಿದ್ದರೆ ಆ ಆಣೆ ಸುಳ್ಳಾಗಿತ್ತೆಂದು ತಿಳಿಯಬೇಡಿ. ಅದಕ್ಕೆ ಔಷಧದ ಆಸರೆ ಬೇಕಿತ್ತು.

ಕೂಡಿ ಹಾಕುವುದರಲ್ಲಿ ಇನ್ನೊಂದು ಅಪಾಯವಿದೆ. ಕೆಲವು ದಿನ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳದು. ಹೊರಬಂದು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ವೈದ್ಯರು ಕೊಡುವ ಬ್ಯುಪ್ರಿನಾರ್ಫಿನ್‌ನಂಥ ಔಷಧ ಈ ಅಪಾಯವನ್ನು ತಗ್ಗಿಸುತ್ತದೆ. ಅದನ್ನು ತಿಂಗಳುಗಟ್ಟಲೆ ಮುಂದುವರಿಸಬೇಕಾಗಬಹುದು. ಅದನ್ನು “ಇನ್ನೊಂದು ಚಟ” ಎಂದು ನಿಲ್ಲಿಸಬೇಡಿ.

ಧಾರವಾಡದ ಡಿಮ್ಹಾನ್ಸ್ ನಮ್ಮಿಂದ ದೂರವಿಲ್ಲ. ಟೆಲಿ-ಮಾನಸ್ 14416ಕ್ಕೆ ಮನೆಯಿಂದಲೇ ಫೋನ್ ಮಾಡಬಹುದು. ಕೀಲಿ ಹಾಕುವ ಕೈ ಇಂದು ಮಗನ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯಲಿ.